ತೊಂದರೆ ಮಂತ್ರಿ

ಸುಯ್ ಎಂದು ಗಾಳಿ ಹೋಗುವ ಸದ್ದು ಕೇಳಿದ್ದೇ ತಡ, ಗಗನನೌಕೆಯೊಳಗೆ ಗಲಾಟೆ ಎದ್ದಿತು. ಗುಂಡ ಮೇಜಿನ ಕೆಳಗೆ ತೂರಿದ. ಗುಬ್ಬಿಗೆ ಬಿಕ್ಕಳಿಕೆ ಹತ್ತಿತು. ಹೆದರಿದಾಗಲೆಲ್ಲ ಅವಳಿಗೆ ಹಾಗೇ. ಕ್ಯಾಪ್ಟನ್ ಏಣಿ ಮಾತ್ರ ಕಿವಿಗೊಟ್ಟು ಕೇಳಿ, ಬಾಗಿಲಿನಲ್ಲಿದ್ದ ತೂತು ಪತ್ತೆಹಚ್ಚಿ ಟೇಪು ಅಂಟಿಸಿದ.

ಬಾಗಿಲಾಚೆ ಆ ತೂತಿಗೆ ಬಲೂನಿನ ಬಾಯಿಟ್ಟು ಗಾಳಿ ಬಿಡುತ್ತಿದ್ದವಳು ಪಾದರಸ. ಅವಳು ಬಾಯಿ ಮುಚ್ಚಿಕೊಂಡು ಕಿಸಕ್ಕೆಂದಳು.

ನೌಕೆ ಎಂದರೆ ಶಾಲೆಯ ಆಟದ ಸಾಮಾನಿನ ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ. ಅಲ್ಲಿ ಕೂತು ಮಂಗಳ ಗ್ರಹಕ್ಕೆ ಹೋಗಿಬರಲು ಮೂವರಿಗೆ ತಾಲೀಮು ನಡೆದಿತ್ತು. ನಿಜವಾದ ಗಗನಯಾತ್ರಿಗಳಿಗೂ ಬೇಕೆಂದೇ ತೊಂದರೆ ಕೊಟ್ಟು ಕಲಿಸುತ್ತಾರೆ ಎಂದು ವಿಜ್ಞಾನದ ಮಿಸ್ ಹೇಳಿದ್ದರು. ಆ ಕೆಲಸ ಯಾರಿಗೆ ಕೊಡುವುದು ಎಂದು ಅವರು ಬಹಳ ಯೋಚಿಸಬೇಕಾಗಲಿಲ್ಲ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಪಾದರಸ ಎದುರಿಗೇ ಇದ್ದಳು.

“ನೀನೇ ನಮ್ಮ ತೊಂದರೆ ಮಂತ್ರಿ,” ಎಂದರು ಮಿಸ್. “ಒಂದೇ ರೂಲ್ಸು. ತೊಂದರೆ ಏನ್ ಬೇಕಾದ್ರೂ ಕೊಡು. ಆದ್ರೆ ಪ್ರತಿ ಸಲಾನೂ ಒಳಗಡೆ ಒಂದು ದಾರಿ ಇಟ್ಟಿರ್ಬೇಕು.”

ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು ಎಂದು ಮನೆಯಲ್ಲಿ ಪಾದರಸಳ ಅಜ್ಜಿ ನಕ್ಕರು.

ಪಾದರಸ ಊಟದ ಡಬ್ಬಿಯನ್ನು ಚೆಂಡಿನ ಚೀಲದಲ್ಲಿ ಬಚ್ಚಿಟ್ಟಳು. ಗುಂಡನ ಎರಡೂ ಶೂಗಳ ದಾರವನ್ನು ಸೇರಿಸಿ ಗಂಟು ಹಾಕಿದಳು. ದಾರಿ ಎಲ್ಲಿ ಎಂದು ಮಿಸ್ ಕೇಳಿದರೆ, ಗಂಟು ಬಿಚ್ಚುವುದೇ ದಾರಿ ಎಂದಳು.

ಆದರೆ ಅವಳ ಹೊಟ್ಟೆಯಲ್ಲಿ ಒಂದು ಉರಿ ಇತ್ತು. ಕ್ಯಾಪ್ಟನ್ ಆಗಬೇಕೆಂದು ಅವಳಿಗೇ ಬಹಳ ಆಸೆಯಿತ್ತು. ಆಯ್ಕೆಯ ದಿನ ಅಲುಗಾಡದೆ ಕೂರುವ ಪರೀಕ್ಷೆ ಇಟ್ಟಿದ್ದರು. ಅವಳ ಮೂಗು ತುರಿಸಿತು, ಆಮೇಲೆ ಮೊಣಕಾಲು ತುರಿಸಿತು, ಮುಗಿಯಿತು ಕತೆ. ಇವಳು ಬಂದರೆ ಮಂಗಳ ಗ್ರಹವೇ ಹೆದರಿ ಓಡುತ್ತದೆ ಎಂದು ಏಣಿ ಅಂದಿದ್ದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಎಲ್ಲರ ಮುಂದೆ ಅವನಿಗೂ ಮಣ್ಣು ಮುಕ್ಕಿಸಬೇಕು ಎಂದು ಅವಳು ಅವತ್ತೇ ತೀರ್ಮಾನಿಸಿದ್ದಳು.

ತಾಲೀಮಿನ ಕೊನೆಯ ದಿನ ಬಂತು. ಬೇರೆ ಕ್ಲಾಸಿನವರೆಲ್ಲ ಹೊರಗೆ ಕೂತು, ಒಳಗಿನ ಮಾತನ್ನು ವಾಕಿಟಾಕಿಯಲ್ಲಿ ಕೇಳುತ್ತಿದ್ದರು. ಕೊನೆಯ ತೊಂದರೆ ಕತ್ತಲೆ. ಲೈಟು ಆರಿದ ಮೇಲೆ ಒಳಗಿನವರು ಟಾರ್ಚು ಹಾಕಿ, ಗೋಡೆಯ ಮೇಲಿನ ಸಂಖ್ಯೆ ಓದಿ ಹೇಳಬೇಕು. ಮರಳು ಗಡಿಯಾರದ ಮರಳು ಮುಗಿದರೆ ನೌಕೆ ಢಮಾರ್. ಹೆದರಿ ಬಾಗಿಲು ತೆರೆದರೂ ಢಮಾರ್.

ಟಾರ್ಚೇನೋ ಒಳಗಿತ್ತು. ಅದರ ಸೆಲ್ಲುಗಳು ಮಾತ್ರ ಪಾದರಸಳ ಜೇಬಿನಲ್ಲಿದ್ದವು.

ಅವಳು ಹೊರಗಿನ ಸ್ವಿಚ್ಚು ಆರಿಸಿದಳು. ಒಳಗೆ ಟಿಕ್ ಟಿಕ್ ಎಂದು ಟಾರ್ಚಿನ ಗುಂಡಿ ಒತ್ತುವ ಸದ್ದಾಯಿತು. ಟಾರ್ಚು ಹತ್ತುತ್ತಿಲ್ಲ ಎಂದು ಗುಂಡ ಗೋಳಾಡಿದ. ಗುಬ್ಬಿ ಬಿಕ್ಕಳಿಸುತ್ತಲೇ ಬಾಗಿಲು ತೆಗೆಯೋಣ ಎಂದಳು. ಪಾದರಸ ಹಿಗ್ಗಿನಿಂದ ಕಾದಳು. ಇನ್ನೇನು ಏಣಿ ಓಡಿ ಹೊರಗೆ ಬರುತ್ತಾನೆ.

“ಬಾಗಿಲು ಬೇಡ,” ಎಂದ ಏಣಿ. ಅವನ ದನಿಯೂ ನಡುಗುತ್ತಿತ್ತು. “ಇದು ಪಾದರಸಳ ಕೆಲಸ ಅಲ್ವಾ? ಅವಳು ದಾರಿ ಇಡದೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಇಲ್ಲೇ ಎಲ್ಲೋ ಇಟ್ಟಿರ್ತಾಳೆ, ಹುಡುಕಿ.”

ಒಳಗೆ ಚೆಂಡುಗಳು ಉರುಳಿದವು. ಡಬ್ಬಿಯ ಮುಚ್ಚಳ ಬಿತ್ತು. ಚೀಲದಲ್ಲಿ ನೋಡು, ಕುರ್ಚಿ ಕೆಳಗೆ ನೋಡು ಎಂದು ಅವರು ತಡಕಾಡುತ್ತಲೇ ಇದ್ದರು. ಅವಳು ಇಡದೇ ಇದ್ದದ್ದನ್ನು ಮೂವರೂ ನಂಬಿಕೊಂಡು ಹುಡುಕುತ್ತಿದ್ದರು.

ಪಾದರಸಳಿಗೆ ನಗು ಬರಲಿಲ್ಲ. ಅವಳ ಮೂಗು ತುರಿಸುತ್ತಿತ್ತು, ಅದೂ ಅವಳಿಗೆ ಗೊತ್ತಾಗಲಿಲ್ಲ. ಮರಳು ಚಿಟಿಕೆಯಷ್ಟೇ ಉಳಿದಿತ್ತು.

ಅವಳು ಸರಕ್ಕನೆ ಎದ್ದು ಬಾಗಿಲ ಬಳಿ ಹೋಗಿ ಕುಕ್ಕರಿಸಿದಳು. ಯಾರೂ ಗಮನಿಸಲಿಲ್ಲ, ಅವಳು ಓಡಾಡುವುದು ಯಾರಿಗೆ ಹೊಸದು? ಬಾಗಿಲ ಕೆಳಗಿನ ಸಂದಿಯಲ್ಲಿ ಸೆಲ್ಲುಗಳು ಗುಡುಗುಡು ಉರುಳಿ ಒಳಗೆ ಹೋದವು.

ಕೊನೆಯ ಮರಳು ಬೀಳುವಾಗ ಏಣಿ ಸಂಖ್ಯೆ ಓದಿ ಮುಗಿಸಿದ. ಚಪ್ಪಾಳೆಯೋ ಚಪ್ಪಾಳೆ.

ಬೆವರು ಒರೆಸಿಕೊಳ್ಳುತ್ತ ಏಣಿ ನೇರ ಅವಳ ಹತ್ತಿರ ಬಂದ. ಸೆಲ್ಲನ್ನು ಬಾಗಿಲ ಬಳಿ ಇಟ್ಟದ್ದು ಭಾರಿ ಐಡಿಯಾ ಎಂದು ಹೊಗಳಿದ.

“ಇಟ್ಟಿರ್ಲಿಲ್ಲ ಕಣೋ,” ಎಂದಳು ಪಾದರಸ, ಅವನಿಗೊಬ್ಬನಿಗೇ ಕೇಳುವಂತೆ. “ಆಮೇಲೆ ಇಟ್ಟೆ.”

ಏಣಿ ಅವಳ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಆದ್ರೂ ನೀನು ಇಟ್ಟೆ ತಾನೇ,” ಎಂದ.

ಪಾದರಸ ಖಾಲಿ ಜೇಬಿನಲ್ಲಿ ಕೈಯಿಟ್ಟು ಸುಮ್ಮನೆ ನಿಂತಳು, ಬಹಳ ಹೊತ್ತು.

ಅವಳು ಹಾಗೆ ಅಲುಗಾಡದೆ ನಿಂತದ್ದು ನೋಡಿ ಗುಂಡನಿಗೆ ಗಾಬರಿಯಾಯಿತು. ಅವನು ಮೆಲ್ಲಗೆ ಬಗ್ಗಿ ತನ್ನ ಶೂ ದಾರ ನೋಡಿಕೊಂಡ. ಎರಡೂ ಸರಿಯಾಗಿಯೇ ಇದ್ದವು.