ಕಿವಿಯಣ್ಣನ ಶೆಡ್

“ಸ್ಟಾರ್ಟ್ ಮಾಡಮ್ಮ ಅಂದ್ನಲ್ಲ!” ಅಪ್ಪ ಕೂಗಿದರು.

“ಆಗ್ಲೇ ಆಗಿದೆ ಅಣ್ಣಾ!” ಹೊಸ ಕಾರಿನೊಳಗಿದ್ದ ಎಂಜಿನಿಯರ್ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಇದಕ್ಕೆ ಸದ್ದೇ ಇಲ್ಲ.”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. “ನಮ್ಮ ಕಿವಿಯಣ್ಣಂಗೇ ಕಿವಿ ಕೇಳಿಸ್ಲಿಲ್ವಲ್ಲಪ್ಪೋ!” ಎಂದರು ಯಾರೋ.

ಗುಬ್ಬಿಗೆ ನಗು ಬರಲಿಲ್ಲ. ಅಪ್ಪನ ಮುಖ ಸಣ್ಣದಾದದ್ದು ಅವಳಿಗೆ ಕಂಡಿತ್ತು.

ಅವತ್ತು ಕೆಲಸಗಾರರು ತಮ್ಮ ಮಕ್ಕಳನ್ನು ಕಾರು ಕಾರ್ಖಾನೆಗೆ ಕರೆತರುವ ದಿನ. ಗುಬ್ಬಿಯ ಅಪ್ಪ ಇಪ್ಪತ್ತೆರಡು ವರ್ಷಗಳಿಂದ ಎಂಜಿನ್ ಶೆಡ್ಡಿನಲ್ಲಿದ್ದರು. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದರು. ಅದಕ್ಕೇ ಕಿವಿಯಣ್ಣ ಎಂಬ ಹೆಸರು.

ಆದರೆ ಸರ್ಕಾರ ಹೊಸ ರೂಲ್ ತಂದಿತ್ತು. ಕಾರು ಕಂಪನಿಗಳೆಲ್ಲ ವರ್ಷವರ್ಷಕ್ಕೂ ಹೊಗೆಯಿಲ್ಲದ ಬ್ಯಾಟರಿ ಕಾರುಗಳನ್ನು ಹೆಚ್ಚು ಹೆಚ್ಚು ಮಾಡಬೇಕು, ಇಲ್ಲವಾದರೆ ದಂಡ. ಹಾಗಾಗಿ ಇವತ್ತು ಶೆಡ್ಡಿನ ಕೊನೆಯ ದಿನ. ಸಂಜೆಯೊಳಗೆ ಅಪ್ಪ ಒಂದು ಫಾರ್ಮ್ ಕೊಡಬೇಕಿತ್ತು. ಬ್ಯಾಟರಿ ವಿಭಾಗಕ್ಕೆ ಹೋಗಿ ಮೊದಲಿನಿಂದ ಕಲಿಯಬೇಕು, ಇಲ್ಲವೇ ಕೆಲಸ ಬಿಡಬೇಕು. ಬಿಟ್ಟರೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಗುಬ್ಬಿಯ ಸ್ಕೂಲೂ ಹೋಯಿತು, ಫ್ರೆಂಡ್ಸೂ ಹೋದರು.

“ಬ್ಯಾಟರಿಗೇ ಹೋಗಪ್ಪಾ” ಎಂದು ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದಳು. ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಈಗ “ಬಾ” ಎಂದು ಅವಳನ್ನು ಶೆಡ್ಡಿಗೆ ಕರೆದೊಯ್ದರು. ಬೆಂಚಿನ ಮೇಲೆ ಒಂದೇ ಒಂದು ಎಂಜಿನ್ ಉಳಿದಿತ್ತು. ಅದನ್ನು ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಅವಳ ಕಿವಿಗಿಟ್ಟರು.

ಗುಡುಗುಡು ಸದ್ದು ತಲೆಯೊಳಗೇ ಓಡಾಡಿತು. “ಅಯ್ಯೋ, ಒಳಗೆ ಯಾರೋ ಕುಣೀತಿದಾರೆ!”

ಅಪ್ಪ ನಕ್ಕರು. “ನಮ್ಮ ಮೇಸ್ತ್ರಿ ನಂಗೂ ಹೀಗೇ ಕೇಳಿಸಿದ್ರು. ಕಣ್ಮುಚ್ಚಿಸಿ, ‘ಏನ್ ಕೇಳ್ತು ಹೇಳೋ ಮಂಕೇ’ ಅನ್ನೋರು.”

“ಅವರೂ ಇಲ್ಲೇ ಇದ್ರಾ ಕೊನೇವರೆಗೂ?”

“ಎಲ್ಲಿ ಇದ್ರು? ಆಗ್ಲೂ ಒಂದ್ ರೂಲ್ ಬಂತು ಕಣೆ. ಎಂಜಿನ್ನಿನ ಹೊಗೇನ ಮೆಷಿನ್ನಲ್ಲಿ ಅಳೀಬೇಕು ಅಂತ. ‘ನನ್ನ ಕಿವಿ ಇರೋವಾಗ ಮೆಷಿನ್ ಯಾಕೆ?’ ಅಂತ ರೇಗಿ ಕೆಲ್ಸಾನೇ ಬಿಟ್ರು. ನಾನು ಚಿಕ್ಕೋನು, ಕಲ್ತ್ಕೊಂಡೆ.”

ಅಪ್ಪ ಸ್ಕ್ರೂಡ್ರೈವರನ್ನು ಬೆಂಚಿನ ಮೇಲಿಟ್ಟರು.

“ಆಮೇಲೂ ದಿನಾ ಸಂಜೆ ಗೇಟಿನ ಹೊರಗೆ ಬಂದು ನಿಲ್ಲೋರು. ನನ್ನ ಕಂಡ್ರೆ, ‘ಮೂರನೇ ಬೆಂಚಿಂದು ಕೆಮ್ತಿದೆ, ನೋಡೋ’ ಅನ್ನೋರು. ಒಳಗೆ ಬನ್ನಿ ಅಂದ್ರೆ ಮಾತ್ರ ಬರ್ತಿರ್ಲಿಲ್ಲ.”

ಹನ್ನೊಂದನೇ ಸಲ ಹೇಳಬೇಕೆಂದು ಗುಬ್ಬಿ ಬಾಯಿ ತೆರೆದಳು. ಯಾಕೋ ಹೇಳಲಿಲ್ಲ.

ಅಪ್ಪ ಎಂಜಿನ್ ಆಫ್ ಮಾಡಿದರು. ಶೆಡ್ ಒಮ್ಮೆಲೇ ದೊಡ್ಡದಾದಂತೆ ಕಂಡಿತು. ಜೇಬಿನಿಂದ ನಾಲ್ಕು ಮಡಿಕೆಯ ಫಾರ್ಮ್ ತೆಗೆದು ಬೆಂಚಿನ ಮೇಲೆ ಬಿಡಿಸಿದರು. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ‘ಬ್ಯಾಟರಿ ವಿಭಾಗ’ ಎಂದಿದ್ದ ಕಡೆ ಗುರುತು ಹಾಕಿದರು.

ಗುಬ್ಬಿಗೆ ಅಲ್ಲೇ ಕುಪ್ಪಳಿಸಬೇಕೆನ್ನಿಸಿತು. ಆದರೆ ಅಪ್ಪ ಎಂಜಿನ್ನಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಅವಳೂ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಇನ್ನೂ ಬೆಚ್ಚಗಿತ್ತು.

ಅದು ಪೂರ್ತಿ ಆರುವವರೆಗೂ ಅವಳು “ಹೋಗೋಣ” ಎನ್ನಲಿಲ್ಲ.