ಕೊರಾಲೊವರೆಗೆ ಒಂದೇ ಟಿಕೆಟ್

"ಎರಡು ವಿಮಾನ ಇಟ್ಕೊಂಡು ಎಷ್ಟು ಜಂಬ ನೋಡಿ ಆಂಟಿ ಈ ಮನುಷ್ಯನಿಗೆ!"

ಚೈತನ್ಯಾ ಹೀಗಂದದ್ದು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಳಿನಿ ಆಂಟಿಗೆ. ಆದರೆ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಇನ್ನೂ ನಡೆಯುತ್ತಿತ್ತು. ಮ್ಯೂಟ್ ಮಾಡಿದ್ದೇನೆ ಎಂದುಕೊಂಡವಳು ಮಾಡಿರಲಿಲ್ಲ.

ಕ್ಯಾಮೆರಾ ಆಫ್ ಆಗಿದ್ದ ಒಂದು ಕಪ್ಪು ಚೌಕದಿಂದ ಅಚ್ಚ ಮೈಸೂರು ಕನ್ನಡ ಕೇಳಿಸಿತು.

"ಎರಡಲ್ಲ ಮೇಡಂ, ಮೂರು. ಮೂರನೇದು ರಿಪೇರಿಗೆ ಹೋಗಿದೆ. ಅದನ್ನ ಸೇರಿಸಲ್ಲ ಅಂದ್ರೆ ನಿಮ್ಮಿಷ್ಟ."

ಬಾಸ್ ಲಿಂಡಾ ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದಳು. "ವಿಮಾನಗಳ ಬಗ್ಗೆ ಒಂದು ಸಣ್ಣ ತಿದ್ದುಪಡಿ ಅಷ್ಟೆ," ಎಂದು ಆ ಚೌಕ ಗಂಭೀರವಾಗಿ ಉತ್ತರಿಸಿತು. ಚೈತನ್ಯಾಳ ಕಿವಿಯ ತುದಿಯವರೆಗೂ ಬಿಸಿಯೇರಿತು. ಆ ಚೌಕದ ಮೇಲಿನ ಮಯೂರ್ ಎಂಬ ಹೆಸರು ನೋಡಿ ಅವಳು ಇಷ್ಟು ದಿನ ಅವನನ್ನು ಗುಜರಾತಿ ಎಂದು ತಿಳಿದಿದ್ದಳು.

ಅದು 2020ರ ಸೆಪ್ಟೆಂಬರ್. ಚೈತನ್ಯಾ ಅಟ್ಲಾಂಟಾದ ಬ್ಲೂಪೈನ್ ಏರ್‌ವೇಸ್‌ನಲ್ಲಿ, ಬೇರೆ ಏರ್‌ಲೈನ್‌ಗಳ ಜೊತೆ ಒಪ್ಪಂದ ಕುದುರಿಸುವ ಟೀಮಿನಲ್ಲಿದ್ದಳು. ಕೊರೊನಾದಿಂದ ಆಫೀಸು ಮುಚ್ಚಿ ತಿಂಗಳುಗಳಾಗಿದ್ದವು. ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿ ನಳಿನಿ ಆಂಟಿಯ ಮನೆಯ ಬೇಸ್‌ಮೆಂಟೇ ಅವಳ ಆಫೀಸು, ಅದೇ ಊಟದ ಮನೆ, ಅದೇ ಪ್ರಪಂಚ. ಮಕ್ಕಳ ಡಾಕ್ಟರಾಗಿ ಎಷ್ಟೋ ವರ್ಷ ದುಡಿದು ರಿಟೈರ್ ಆಗಿದ್ದ ಆಂಟಿಗೆ ಈ ಬಾಡಿಗೆ ಹುಡುಗಿಯನ್ನು ಬಿಟ್ಟರೆ ಮಾತಿಗೆ ಸಿಕ್ಕುವವರಿರಲಿಲ್ಲ.

ಮಯೂರ್ ಇದ್ದದ್ದು ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಕೊರಾಲೊ. ಅದರ ಪುಟ್ಟ ವಿಮಾನ ಕಂಪನಿ ಕೊರಾಲೊ ಏರ್. ಅದರ ಅಮೆರಿಕದ ಆಫೀಸಿನಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ ಉಳಿದವನು ಅವನೊಬ್ಬನೇ. ಪ್ರವಾಸಿಗರು ನಿಂತುಹೋಗಿದ್ದರು. ವಾರಕ್ಕೊಮ್ಮೆ ಶಾರ್ಲೆಟ್‌ಗೆ, ವಾರಕ್ಕೊಮ್ಮೆ ವಾಷಿಂಗ್ಟನ್‌ಗೆ ವಿಮಾನ ಬರುತ್ತಿತ್ತು. ಅದರಲ್ಲಿ ಕೂತಿರುತ್ತಿದ್ದವರು ಆಸ್ಪತ್ರೆಗೆ ಬರುವ ರೋಗಿಗಳು, ಮನೆ ಸೇರಲಾಗದೆ ಒದ್ದಾಡುತ್ತಿದ್ದ ವಿದ್ಯಾರ್ಥಿಗಳು. ಬ್ಲೂಪೈನ್ ಕೈಹಿಡಿದರೆ ಅಮೆರಿಕದ ಯಾವ ಊರಿಂದಲಾದರೂ ಕೊರಾಲೊವರೆಗೆ ಒಂದೇ ಟಿಕೆಟ್ ಸಾಕು, ಲಗೇಜು ಮಧ್ಯೆ ಇಳಿಸುವ ಗೋಜಿಲ್ಲ. ದೊಡ್ಡ ಕಂಪನಿಗೆ ಅದೊಂದು ಸಣ್ಣ ಕೆಲಸ. ಸಣ್ಣ ಕಂಪನಿಗೆ ಉಸಿರು.

ಮೀಟಿಂಗ್ ಮುಗಿದ ಮೇಲೆ ಚೈತನ್ಯಾ ಕ್ಷಮೆ ಕೇಳಲು ಫೋನ್ ಮಾಡಿದಳು.

"ಸಾರಿ. ನಾನು ಹಾಗೆ ಅನ್ನಬಾರದಿತ್ತು."

"ಪರವಾಗಿಲ್ಲ. ತುಂಬಾ ದಿನ ಆಗಿತ್ತು ಯಾರೂ ಕನ್ನಡದಲ್ಲಿ ಬೈದು."

ಅವಳಿಗೆ ನಗು ಬಂತು. ಆ ಫೋನು ಬೇಗ ಮುಗಿಯಲಿಲ್ಲ.

ಆಮೇಲೆ ದಿನಾ ಏನಾದರೊಂದು ನೆವ ಸಿಗುತ್ತಿತ್ತು. ಲಗೇಜಿನ ತೂಕ, ಟೈಮಿಂಗು, ಸಿಸ್ಟಮ್ ಟೆಸ್ಟಿಂಗು. ಕೆಲಸದ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಅವನ ಕ್ಯಾಮೆರಾ ಮಾತ್ರ ಯಾವತ್ತೂ ಆಫ್. "ಹೇರ್‌ಕಟ್ ಮಾಡಿಸಿ ಆರು ತಿಂಗಳಾಯ್ತು, ಈಗ ನೋಡಿದ್ರೆ ನೀವು ಡೀಲ್ ಕ್ಯಾನ್ಸಲ್ ಮಾಡ್ತೀರ," ಅನ್ನುತ್ತಿದ್ದ. ಫೋನ್ ಬಂದರೆ ಚೈತನ್ಯಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬರದಿದ್ದರೆ ಅದಕ್ಕಿಂತ ಹೆಚ್ಚು. ಬೇಸ್‌ಮೆಂಟಿನ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿದ್ದಳು.

"ಹುಷಾರು ಕಣಮ್ಮ," ಎಂದರು ನಳಿನಿ ಆಂಟಿ ಒಂದು ದಿನ, ಚಪಾತಿ ಲಟ್ಟಿಸುತ್ತಾ. "ಅವನಿಗೆ ನಿನ್ನಿಂದ ಆಗಬೇಕಾದ ಕೆಲಸ ಇದೆ. ಡೀಲ್ ಆದ ಮೇಲೂ ಫೋನ್ ಮಾಡ್ತಾನಾ ನೋಡು."

ಆ ಮಾತು ಮುಳ್ಳಿನಂತೆ ಒಳಗೆ ಉಳಿದುಬಿಟ್ಟಿತು.

ಅಕ್ಟೋಬರಿನಲ್ಲಿ ಇಬ್ಬರೂ ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಭೇಟಿಯಾದರು. ಎಂಬತ್ತೈದನೇ ಹೆದ್ದಾರಿಯಲ್ಲಿ ಇವಳು ಮೇಲಕ್ಕೆ, ಅವನು ಕೆಳಕ್ಕೆ ಬಂದರೆ ಹೆಚ್ಚುಕಮ್ಮಿ ಅರ್ಧ ದಾರಿ. ಊರ ಮಧ್ಯದ ಜಲಪಾತದ ಪಕ್ಕ, ಪಾರ್ಕಿನ ಬೆಂಚಿನ ಹತ್ತಿರ ಒಬ್ಬ ಎತ್ತರದವನು ನಿಂತಿದ್ದ. ಕೂದಲು ನಿಜವಾಗಿಯೂ ಕಾಡಾಗಿತ್ತು. ಮಾಸ್ಕಿನ ಮೇಲೆ ಕಂಡದ್ದು ಎರಡು ಕಣ್ಣು ಮಾತ್ರ. ಅವು ನಗುವಾಗ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಬಲಗಣ್ಣು ಸ್ವಲ್ಪ ತಡವಾಗಿ ಅದನ್ನು ಹಿಂಬಾಲಿಸುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಬೆಂಚಿನ ಆ ತುದಿಗೆ ಅವನು, ಈ ತುದಿಗೆ ಇವಳು. ಅವನು ನಡುವೆ ಒಂದು ಪುಟ್ಟ ಪೊಟ್ಟಣ ಇಟ್ಟ.

"ಕೊರಾಲೊದಿಂದ ನಿನ್ನೆ ಫ್ಲೈಟಲ್ಲಿ ಬಂತು. ಹುಣಸೆಹಣ್ಣಿನ ಉಂಡೆ."

ತಿನ್ನಲು ಅವಳು ಮಾಸ್ಕ್ ಇಳಿಸಿದಳು. ಹುಳಿ, ಸಿಹಿ, ಸ್ವಲ್ಪ ಖಾರ. "ಅಯ್ಯೋ, ಇದು ನಮ್ಮ ಚಿಗಳಿ!" ಎಂದು ಚಪ್ಪರಿಸುತ್ತಾ ತಿರುಗಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನ ಹಾಗೆ ಥಟ್ಟನೆ ನೀರಿನ ಕಡೆ ತಿರುಗಿದ. ನೀರಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ದಿನಾ ವಿಡಿಯೋದಲ್ಲಿ ನೋಡ್ತಿದ್ರಲ್ಲ," ಅಂದಳು.

"ಅದರಲ್ಲಿ ನೀವು ಯಾವಾಗಲೂ ಎಕ್ಸೆಲ್ ಶೀಟ್ ನೋಡ್ತಿರ್ತೀರ."

ಇಬ್ಬರೂ ನಕ್ಕರು. ಆದರೆ ಆಫೀಸಿನ ಒಂದು ವಿಷಯ ಅವಳಿಗೆ ಹೇಳದೆ ಇರಲಾಗಲಿಲ್ಲ.

"ಮಯೂರ್, ಲಿಂಡಾ ನಿಮ್ಮ ವಿಮಾನಗಳಿಗೆ ಒಂದೇ ಊರು ಆರಿಸು ಅಂದಿದ್ದಾಳೆ. ಶಾರ್ಲೆಟ್ ಅಥವಾ ವಾಷಿಂಗ್ಟನ್. ರಿಪೋರ್ಟ್ ನಾನೇ ಬರೀಬೇಕು. ನಂಬರ್ಸ್ ನೋಡಿದ್ರೆ ವಾಷಿಂಗ್ಟನ್ನೇ."

ಅವನು ತಲೆಯಾಡಿಸಿದ. "ನಾನಾದ್ರೂ ಅದನ್ನೇ ಬರೀತಿದ್ದೆ."

"ಶಾರ್ಲೆಟ್ ಮುಚ್ಚಿದ್ರೆ ನಿಮಗೆ?"

"ನನ್ನ ಆಫೀಸೂ ಮುಚ್ಚುತ್ತೆ. ಕೊರಾಲೊಗೆ ಬಾ ಅಂತಾರೆ." ಅವನು ಪೊಟ್ಟಣದ ಕಾಗದ ಮಡಚತೊಡಗಿದ. "ಹೋಗೋದು ಸುಲಭ. ಅಮೆರಿಕದ ಕಾನ್ಸುಲೇಟ್‌ಗಳು ಮುಚ್ಚಿವೆ, ವೀಸಾ ಸ್ಟ್ಯಾಂಪಿಂಗ್ ಇಲ್ಲ. ವಾಪಸ್ ಬರೋದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಇದನ್ನ ನಿಮಗೆ ಹೇಳಬಾರದಿತ್ತು, ಚೈತನ್ಯಾ. ಮರೆತುಬಿಡಿ."

ಮರೆಯುವುದೆಲ್ಲಿ ಬಂತು? ಸುವಾನಿಗೆ ಮರಳುವ ದಾರಿಯುದ್ದಕ್ಕೂ ಅದೇ. ವಾಷಿಂಗ್ಟನ್ ಎಂದು ಬರೆದರೆ ತನ್ನ ಕೈಯಾರೆ ಅವನನ್ನು ಕಳಿಸಿದಂತೆ. ಶಾರ್ಲೆಟ್ ಎಂದು ಬರೆದರೆ ಸುಳ್ಳು ಬರೆದಂತೆ. ನಷ್ಟದಲ್ಲಿ ಕೊನೆಗೆ ಕೊರಾಲೊ ಏರ್ ಕಂಪನಿಯೇ ಮುಳುಗಿ, ಅದನ್ನು ನಂಬಿದ ರೋಗಿಗಳು ದ್ವೀಪದಲ್ಲೇ ಉಳಿದಾರು. ವಾರವಿಡೀ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ಸೋಮವಾರ ಲಿಂಡಾಗೆ ಫೋನ್ ಮಾಡಿದಳು.

"ಈ ಡೀಲ್ ನಾನು ಮಾಡಬಾರದು. ಆ ಕಡೆ ಇರುವವನ ಮೇಲೆ ನನಗೆ ಮನಸ್ಸಾಗಿದೆ."

ಹೇಳಿದ್ದು ಒಳ್ಳೆಯದಾಯಿತು ಎಂದಳು ಲಿಂಡಾ. ಆದರೆ ದನಿ ತಣ್ಣಗಿತ್ತು. ಎಲ್ಲ ಕಡೆ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ. ಚೈತನ್ಯಾಳನ್ನು ಕಾರ್ಗೋ ವಿಭಾಗಕ್ಕೆ ಹಾಕಿದರು. ಬರಬೇಕಿದ್ದ ಪ್ರಮೋಷನ್ನಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಅವಳು ಮಯೂರ್‌ಗೆ ಒಂದೇ ಮಾತು ತಿಳಿಸಿದಳು, ತಾನು ಈ ಒಪ್ಪಂದದಿಂದ ಹೊರಗೆ ಬಂದೆ ಎಂದು. "ಗೊತ್ತಾಯ್ತು. ಥ್ಯಾಂಕ್ಸ್," ಎಂದು ಉತ್ತರ ಬಂತು. ಅಷ್ಟೇ. ಮರುದಿನ ಫೋನ್ ಇಲ್ಲ. ಅದರ ಮರುದಿನವೂ ಇಲ್ಲ. ಮೇಪಲ್ ಮರಗಳು ಕೆಂಪಾಗಿ, ಉದುರಿ, ಬೋಳಾದವು. ಚೈತನ್ಯಾ ಫೋನನ್ನು ಮಗುಚಿ ಇಡುತ್ತಿದ್ದಳು, ಮತ್ತೆ ತಿರುಗಿಸಿ ನೋಡುತ್ತಿದ್ದಳು. ಆಂಟಿಯ ಮಾತೇ ನಿಜವಾಯಿತೇ? ಕೆಲಸಕ್ಕೆ ಬಾರದವಳಾದೆ ಅಂತ ಬಿಟ್ಟುಬಿಟ್ಟನೇ?

ಡಿಸೆಂಬರಿನ ಒಂದು ಶುಕ್ರವಾರ ಕಂಪನಿಯ ಮೀಟಿಂಗಿನಲ್ಲಿ ಸುದ್ದಿ ಬಂತು. ಕೊರಾಲೊ ಏರ್ ಜೊತೆ ಒಪ್ಪಂದ ಸೈನ್ ಆಯಿತು, ವಾಷಿಂಗ್ಟನ್ ಮೂಲಕ. ಶಾರ್ಲೆಟ್‌ನಿಂದ ಅವರ ಕೊನೆಯ ವಿಮಾನ ನಾಳೆ ಮಧ್ಯಾಹ್ನ.

ಶನಿವಾರ ಬೆಳಗ್ಗೆ ನಳಿನಿ ಆಂಟಿ ಬೇಸ್‌ಮೆಂಟಿಗೆ ಇಳಿದು ಬಂದರು.

"ನಾನು ಅವತ್ತು ಅಂದಿದ್ದು ತಪ್ಪಿರಬಹುದು, ಸರಿಯೂ ಇರಬಹುದು. ಹೋಗಿ ಅವನನ್ನೇ ಕೇಳು. ಇಲ್ಲಿ ಹೀಗೆ ಓಡಾಡಿ ನನ್ನ ಕಾರ್ಪೆಟ್ ಸವೆಸಬೇಡ."

"ಏನಂತ ಕೇಳಲಿ ಆಂಟಿ?"

"ದಾರೀಲಿ ಯೋಚನೆ ಮಾಡು. ಹೊರಡು ಮೊದಲು."

ದಾರಿಯಲ್ಲಿ ಯೋಚನೆಯೇನೂ ಹೊಳೆಯಲಿಲ್ಲ. ಹತ್ತಾರು ಮಾತು ಜೋಡಿಸಿಕೊಂಡಳು, ಎಲ್ಲವನ್ನೂ ಸೌತ್ ಕೆರೊಲಿನಾದಲ್ಲೇ ಬಿಟ್ಟಳು.

ಶಾರ್ಲೆಟ್ ಏರ್‌ಪೋರ್ಟ್ ಬಿಕೋ ಎನ್ನುತ್ತಿತ್ತು. ಕೊರಾಲೊ ಏರ್ ಕೌಂಟರಿನ ಮುಂದೆ ಮಾತ್ರ ಒಂದು ಸಾಲು. ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಮುದುಕಿಯ ಕಾಲಿಗೆ ಕಂಬಳಿ ಸರಿಪಡಿಸುತ್ತಾ ಮಯೂರ್ ಬಗ್ಗಿದ್ದ. ತಲೆ ಎತ್ತಿದವನು ಅವಳನ್ನು ಕಂಡು ಹಾಗೇ ನಿಂತುಬಿಟ್ಟ. ಕೂದಲು ಕತ್ತರಿಸಿಕೊಂಡಿದ್ದ.

"ಚೈತನ್ಯಾ? ಇಲ್ಲಿ ಹೇಗೆ?"

ಅವಳು ಸೀದಾ ಕೇಳಿದಳು. "ಡೀಲ್‌ಗೋಸ್ಕರ ಮಾತಾಡ್ತಿದ್ರಾ ನನ್ನ ಹತ್ರ?"

ಅವನ ಕಣ್ಣಲ್ಲಿ ನಗು ಇರಲಿಲ್ಲ. "ಸೈನ್ ಆಗೋವರೆಗೂ ನಿಮ್ಮ ಹತ್ರ ಮಾತಾಡಲೇಬಾರದು ಅಂದ್ರು ನಮ್ಮ ಲಾಯರ್. ನಾನು ಫೋನ್ ಮಾಡಿದ್ದು ಗೊತ್ತಾದ್ರೆ ನಿಮ್ಮ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ವೀಸಾನೂ. ನಿನ್ನೆ ಸೈನ್ ಆಯ್ತು. ಆಮೇಲೆ ಫೋನ್ ಕೈಲಿ ಹಿಡ್ಕೊಂಡು ಕೂತೆ. ಇವತ್ತು ಹೊರಡೋನು ಏನಂತ ಹೇಳೋದು?"

"ಒಂದು ಮೆಸೇಜ್ ಹಾಕಬಹುದಿತ್ತು ಇಷ್ಟು ದಿನದಲ್ಲಿ."

"ಹಾಕಿದ್ರೆ ಒಂದಕ್ಕೇ ನಿಲ್ತಿತ್ತಾ?"

ಅವಳು ಮುಖ ತಿರುಗಿಸಿದಳು. ಮಾಸ್ಕು ಒದ್ದೆಯಾಗತೊಡಗಿತ್ತು.

"ಹೋಗಲೇಬೇಕಾ?"

"ಇವರದೆಲ್ಲ ಇಲ್ಲಿ ಅರ್ಧ ಟ್ರೀಟ್‌ಮೆಂಟ್ ಮಾತ್ರ ಆಗಿದೆ," ಎಂದು ಅವನು ಸಾಲಿನ ಕಡೆ ನೋಡಿದ. "ವಾಷಿಂಗ್ಟನ್ ಆಸ್ಪತ್ರೆಗಳಿಗೆ ಇವರನ್ನ ಸೇರಿಸೋ ತನಕ ದ್ವೀಪದಲ್ಲಿ ಯಾರಾದ್ರೂ ಇರಬೇಕು. ನಾನು ಇವರನ್ನ ಬಿಟ್ಟು ಇಲ್ಲೇ ಉಳಿದ್ರೆ ನಿಮಗೇ ನಾನು ಇಷ್ಟ ಆಗಲ್ಲ." ಸ್ವಲ್ಪ ತಡೆದು, "ನನಗೆ ನೀವು ಇಷ್ಟ. ಮೊದಲನೇ ದಿನ ಬೈದಾಗಿಂದ. ವಾಪಸ್ ಬರ್ತೀನಿ. ಯಾವಾಗ ಅಂತ ಹೇಳೋಕೆ ಆಗಲ್ಲ, ಕಾಯ್ತಿರಿ ಅಂತ ಕೇಳೋ ಧೈರ್ಯಾನೂ ಇಲ್ಲ," ಅಂದ.

ಯಾರೋ ಅವನ ಹೆಸರು ಕೂಗಿದರು. ಚೈತನ್ಯಾ ಎರಡು ಮಾರು ದೂರದಲ್ಲಿ ನಿಂತು ಕೈ ಎತ್ತಿದಳು ಅಷ್ಟೆ. ಅವನು ಗಾಲಿಕುರ್ಚಿ ತಳ್ಳುತ್ತಾ ಒಳಗೆ ಹೋದ.

ಆ ಚಳಿಗಾಲ ಬೇಗ ಮುಗಿಯಲಿಲ್ಲ. ಅವನಿದ್ದಲ್ಲಿ ಇಂಟರ್ನೆಟ್ ಬಂದರೆ ಬಂತು. ವೀಸಾ ಡೇಟ್ ಸಿಗುತ್ತಿತ್ತು, ಕ್ಯಾನ್ಸಲ್ ಆಗುತ್ತಿತ್ತು. ಮತ್ತೆ ಸಿಗುತ್ತಿತ್ತು, ಮತ್ತೆ ಕ್ಯಾನ್ಸಲ್. ಕೆಲವು ದಿನ ಇಬ್ಬರೂ ಸಿಡುಕುತ್ತಿದ್ದರು, ಕೆಲವು ದಿನ ಏನೂ ಮಾತಾಡದೆ ಫೋನ್ ಹಿಡಿದು ಕೂರುತ್ತಿದ್ದರು. ಆಚೆ ಸಮುದ್ರದ ಸದ್ದು, ಈಚೆ ಆಂಟಿಯ ಕುಕ್ಕರ್ ವಿಷಲ್ಲು. ಚೈತನ್ಯಾ ಕಾರ್ಗೋದಲ್ಲಿ ಲಸಿಕೆ ಸಾಗಿಸುವ ಕೆಲಸಕ್ಕೆ ಮೈಕೊಟ್ಟಳು. ಕೊರಾಲೊಗೂ ಲಸಿಕೆ ಹೋಯಿತು. ದ್ವೀಪ ತೆರೆಯಿತು, ವಾಷಿಂಗ್ಟನ್ ವಿಮಾನ ತುಂಬತೊಡಗಿತು. ವಾಷಿಂಗ್ಟನ್ನಿನ ಡಲ್ಲೆಸ್ ಏರ್‌ಪೋರ್ಟಿನಲ್ಲಿ ಕೊರಾಲೊ ಏರ್‌ಗೆ ಒಬ್ಬ ಮ್ಯಾನೇಜರ್ ಬೇಕಾಯಿತು, ಆ ಕೆಲಸ ಮಯೂರ್‌ಗೆ ಸಿಕ್ಕಿತು. ಪಕ್ಕದ ದ್ವೀಪದ ಅಮೆರಿಕನ್ ಕಾನ್ಸುಲೇಟ್ ಕೊನೆಗೂ ಬಾಗಿಲು ತೆಗೆದು ಅವನಿಗೆ ವೀಸಾ ಕೊಟ್ಟಿತು.

2021ರ ಜುಲೈನಲ್ಲಿ ಅವಳು ಅಟ್ಲಾಂಟಾದಿಂದ ವಿಮಾನ ಹತ್ತಿ ಡಲ್ಲೆಸ್‌ನಲ್ಲಿ ಇಳಿದಳು. ಕಸ್ಟಮ್ಸ್ ದಾಟಿ ಬರುವ ಬಾಗಿಲಿನ ಮುಂದೆ ನಿಂತಳು. ಬಿಸಿಲಿಗೆ ಕಪ್ಪಾದ, ಸ್ವಲ್ಪ ಸೊರಗಿದ ಮಯೂರ್ ಬರಿಗೈಯಲ್ಲಿ ಹೊರಗೆ ಬಂದ. ಓಡಿಹೋಗಬೇಕು ಎಂದುಕೊಂಡಿದ್ದಳು, ಅಷ್ಟರಲ್ಲಿ ಅವನೇ ಹತ್ತಿರ ಬಂದ.

"ಬ್ಯಾಗ್ ಬಂದಿಲ್ಲ," ಅಂದ. "ಎಂಥಾ ಪಾರ್ಟ್‌ನರ್‌ಶಿಪ್ ರೀ ನಿಮ್ಮದು?"

"ನನ್ನದಲ್ಲ. ನಾನು ಆ ಡೀಲ್ ಬಿಟ್ಟು ಬಂದಿದ್ದೆ."

"ಯಾಕೆ ಬಿಟ್ಟು ಬಂದ್ರಿ?"

"ಗೊತ್ತಿಲ್ವಾ?"

"ಗೊತ್ತು, ನಮ್ಮ ಲಾಯರ್ ಹೇಳಿದ್ರು. ಲಿಂಡಾಗೆ ಹೇಳಿದ್ರಿ. ನಳಿನಿ ಆಂಟಿಗೂ ಗೊತ್ತು. ನನಗೊಬ್ಬನಿಗೇ ಇನ್ನೂ ಹೇಳಿಲ್ಲ."

ಅವನ ಎಡಗಣ್ಣು ಕಿರಿದಾಗಿತ್ತು. ಬಲಗಣ್ಣು ಕಾಯುತ್ತಿತ್ತು. ಸುತ್ತ ಜನ ಸೂಟ್‌ಕೇಸ್ ಎಳೆದುಕೊಂಡು ಇಬ್ಬರನ್ನೂ ಬಳಸಿ ಹೋಗುತ್ತಿದ್ದರು. ಚೈತನ್ಯಾ ಅವನ ಶರ್ಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು, ಬಿಟ್ಟರೆ ಮತ್ತೆಲ್ಲಿ ಹೋದಾನೋ ಎಂಬಂತೆ.

"ನನಗೆ ನೀನು ಬೇಕು," ಅಂದಳು. "ಇನ್ನೊಂದು ಸಲ ಹೋಗೋದಿದ್ರೆ ನನ್ನನ್ನೂ ಕರ್ಕೊಂಡು ಹೋಗು."