ನೀಲಿ ಹಲಗೆಯೂ ಕಂಬಳಿ ಜಂಪಣ್ಣನೂ

ಬಹಳ ಕಾಲದ ಹಿಂದೆ ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿ ಒಂದು ನಡಾವಳಿ. ಯಾರಾದರೂ ಮಾತಾಡುತ್ತಿದ್ದರೆ ಅವರ ಮುಖದಿಂದ ಕಣ್ಣು ತೆಗೆಯಬಾರದು. ಅರಸನಾದರೂ ಸರಿ, ಎಮ್ಮೆ ಕಾಯುವವನಾದರೂ ಸರಿ. ಮಾತಿನ ನಡುವೆ ಆಚೆ ನೋಡಿದರೆ ಉಗಿದ ಹಾಗೆ. ಬೆನ್ನು ತಿರುಗಿಸಿದವನಿಗೆ ಯಾರೂ ನೀರು ಕೂಡ ಕೊಡುತ್ತಿರಲಿಲ್ಲ.

ಆ ರಾಜ್ಯದಲ್ಲಿ ಜಂಪಣ್ಣ ಎಂಬ ಕಂಬಳಿ ನೇಕಾರನಿದ್ದ. ಅವನ ಹೆಂಡತಿ ನಿಂಗಮ್ಮ. ಮಕ್ಕಳಿರಲಿಲ್ಲ. ಅವಳು ಉಣ್ಣೆ ನೂಲುತ್ತಿದ್ದಳು, ಅವನು ನೇಯುತ್ತಿದ್ದ. ಕರಿ ನೂಲಿನ ಮೇಲೆ ಕರಿ ನೂಲು. ಕಣ್ಣಿಗೆ ಕಷ್ಟದ ಕೆಲಸ. ಅದಕ್ಕೆ ಅವನ ಅಪ್ಪ ಒಂದು ರೂಢಿ ಮಾಡಿಸಿದ್ದ. ಇಪ್ಪತ್ತು ಸಲ ಲಾಳಿ ಓಡಿಸಿದ ಮೇಲೆ ತಲೆ ಎತ್ತಬೇಕು. ದೂರದ ಗುಡ್ಡ ನೋಡಬೇಕು. ರೆಪ್ಪೆ ಬಡಿಯಬೇಕು. ಆಮೇಲೆ ಮತ್ತೆ ಲಾಳಿ. ನಲವತ್ತು ವರ್ಷ ಹೀಗೆ ಮಾಡಿ ಮಾಡಿ, ಇಪ್ಪತ್ತಕ್ಕೆ ಅವನ ಕತ್ತು ತಾನಾಗಿ ಏಳುತ್ತಿತ್ತು.

ಒಂದು ದಿನ ನೀಲಾಂಗ ಎಂಬ ಮಾಂತ್ರಿಕ ಬಂದ. ಅವನಿಗೆ ನಿದ್ದೆ ಇರಲಿಲ್ಲ. ಕಣ್ಣಲ್ಲಿ ಬೆಳಕೂ ಇರಲಿಲ್ಲ. ಎರಡನ್ನೂ ಬೇರೆಯವರಿಂದ ಕಿತ್ತುಕೊಂಡು ಬದುಕುತ್ತಿದ್ದ. ಅವನು ಮನೆಮನೆಗೆ ಒಂದೊಂದು ಹಲಗೆ ಕೊಟ್ಟ. ಅಂಗೈ ಅಗಲದ್ದು. ಎಣ್ಣೆ ಬೇಡ, ಬತ್ತಿ ಬೇಡ, ನೀಲಿ ಬೆಳಕು ತಾನೇ ಬರುತ್ತಿತ್ತು. ಅದರೊಳಗೆ ಜನ ಕುಣಿಯುತ್ತಿದ್ದರು, ಜಗಳವಾಡುತ್ತಿದ್ದರು, ಸಾರು ಮಾಡುವುದು ಹೇಳಿಕೊಡುತ್ತಿದ್ದರು. ಮಾತು ನಿಲ್ಲುತ್ತಲೇ ಇರಲಿಲ್ಲ. ಬೇರೆ ರಾಜ್ಯದವರಾಗಿದ್ದರೆ ಬೇಸರ ಬಂದಾಗ ಎದ್ದು ಹೋಗುತ್ತಿದ್ದರು. ಇವರು ಮರ್ಯಾದೆಗೆ ಕೂತರು.

ನಿಂಗಮ್ಮನೂ ಕೂತಳು.

"ಅದರಲ್ಲಿ ಏನಿದೆ ಅಂತ ನೋಡ್ತೀಯ?" ಎಂದ ಜಂಪಣ್ಣ.

"ಮಾತಿದೆ," ಎಂದಳು ನಿಂಗಮ್ಮ. "ನೀನು ವರ್ಷಕ್ಕೆ ನಾಲ್ಕು ಮಾತು ಆಡ್ತೀಯ. ಅದರಲ್ಲಿ ಎರಡು ಉಪ್ಪು ಕಡಿಮೆ ಅಂತ."

ಅವನು ಎದ್ದು ಮಗ್ಗದ ಕಡೆ ಹೋದ.

ಮೂರು ತಿಂಗಳಾಯಿತು. ಊರಿನ ಕಣ್ಣೆಲ್ಲ ಕೆಂಪಾದವು. ಮರಳು ಬಿದ್ದ ಹಾಗೆ ಉರಿ. ಯಾರಿಗೂ ನಿದ್ದೆ ಇಲ್ಲ. ಅರಮನೆಯಲ್ಲಿ ಅರಸ ಒಂದು ಕಂಬವನ್ನು ಮಂತ್ರಿ ಎಂದುಕೊಂಡು ಬೆಳಗಿನ ತನಕ ಬೈದ. ಮಂತ್ರಿ ಪಕ್ಕದಲ್ಲೇ ನಿಂತು ಇನ್ನೊಂದು ಕಂಬಕ್ಕೆ ಕೈ ಮುಗಿಯುತ್ತಿದ್ದ.

ಒಂದು ಬೆಳಿಗ್ಗೆ ನಿಂಗಮ್ಮನ ಕೈಯಲ್ಲಿ ನೂಲು ತುಂಡಾಯಿತು. ತುದಿ ಸಿಗಲಿಲ್ಲ. ಹುಡುಕಿದಳು. ನೂಲು ಮಡಿಲಲ್ಲೇ ಇತ್ತು.

"ಬಾ ಇಲ್ಲಿ," ಎಂದಳು. ಅವನು ಬಂದ. "ಇನ್ನೂ ಹತ್ತಿರ ಬಾ." ಬಂದ. ಅವಳು ಅವನ ಮುಖ ಮುಟ್ಟಿ ನೋಡಿದಳು. "ನಿನ್ನ ಮೂಗು ಎಲ್ಲಿ ಹೋಯ್ತು? ಬರೀ ಹೊಗೆ ಕಾಣ್ತಿದೆ."

ಜಂಪಣ್ಣ ಸೂಲಗಿತ್ತಿ ದುರುಗಜ್ಜಿಯ ಹತ್ತಿರ ಹೋದ. ಅಜ್ಜಿಗೆ ಹುಟ್ಟಿನಿಂದ ಕಣ್ಣಿಲ್ಲ. ಹಾಗಾಗಿ ಹಲಗೆ ಅವಳನ್ನು ಏನೂ ಮಾಡಿರಲಿಲ್ಲ.

"ಅವಳ ಕಣ್ಣಿನ ಬೆಳಕು ನೀಲಾಂಗನ ಹತ್ತಿರ ಇದೆ," ಎಂದಳು ಅಜ್ಜಿ. "ಬಡಗಣ ಗುಡ್ಡದಲ್ಲಿ ದೊಡ್ಡ ಹಲಗೆಯಲ್ಲಿ ಕೂಡಿಟ್ಟಿದ್ದಾನೆ. ಅಮಾವಾಸ್ಯೆಗೆ ಒಂಬತ್ತು ದಿನ. ಅಷ್ಟರಲ್ಲಿ ಬಿಡಿಸಿದರೆ ಬಂತು. ಇಲ್ಲವಾದರೆ ಅದು ಅವನದೇ ಆಗಿಹೋಗುತ್ತೆ."

"ಹಲಗೆ ಒಡೆದು ಹಾಕಲಾ?"

"ಒಡೆದರೆ ಒಳಗಿದ್ದದ್ದೂ ಸಾಯುತ್ತೆ ಕಣಪ್ಪ. ನೆಯ್ಗೆ ಬಿಟ್ಟು ಬೇರೇನೂ ತಿಳಿಯದವನು ನೀನು. ಆದರೂ ಹೋಗು. ಊರಲ್ಲಿ ಕಣ್ಣಿರುವವನು ನೀನೊಬ್ಬನೇ."

ಅವನು ರೊಟ್ಟಿ ಕಟ್ಟಿಕೊಂಡ. ಕಂಬಳಿ ಹೆಗಲಿಗೆ ಹಾಕಿಕೊಂಡ. ಹೊರಟ.

ಮೂರು ದಿನ ನಡೆದ. ಗುಡ್ಡದ ಬುಡದಲ್ಲಿ ಒಂದು ಓಣಿ. ಎರಡೂ ಕಡೆ ಸಾವಿರ ಹಲಗೆ.

"ಅಣ್ಣಾ, ಒಂದು ಮಾತು," ಎಂದಿತು ಮೊದಲನೆಯದು.

ಜಂಪಣ್ಣ ನಿಂತ. ಮಾತಾಡಿಸಿದರೆ ನಿಲ್ಲದೆ ಹೋಗುವುದು ಹೇಗೆ? ಹಲಗೆ ಒಂದು ಕತೆ ಹೇಳಿತು. ಮುಗಿಯುವಾಗ ಪಕ್ಕದ್ದು ಶುರು ಮಾಡಿತು. ಬಿಸಿಲು ಇಳಿಯಿತು. ಕಣ್ಣು ಉರಿಯತೊಡಗಿತು. ಅವನ ಬಲಗೈ ಮಾತ್ರ ಕತೆಯ ಲಯಕ್ಕೆ ಆಚೆ ಈಚೆ ಆಡತೊಡಗಿತು, ಲಾಳಿ ಓಡಿಸುವ ಹಾಗೆ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಕತ್ತು ಎದ್ದಿತು. ದೂರದಲ್ಲಿ ಗುಡ್ಡ ಕಂಡಿತು. ತಾನು ಯಾಕೆ ಬಂದೆ ಎಂದು ನೆನಪಾಯಿತು.

"ಇನ್ನೂ ಮುಗಿದಿಲ್ಲ ಅಣ್ಣಾ!" ಎಂದವು ಹಲಗೆಗಳು.

"ಮುಗಿಸ್ಕೊಳ್ಳಿ," ಎಂದು ಅವನು ನಡೆದ.

ಗುಡ್ಡದ ನಡುವೆ ದಾರಿಗೆ ಅಡ್ಡವಾಗಿ ಒಂದು ಹಾವು ಬಿದ್ದಿತ್ತು. ದಾರಿಯಷ್ಟೇ ದಪ್ಪ. ಅದರ ಸುತ್ತ ಕತ್ತಿ ಹಿಡಿದ ರಾಜಕುಮಾರರು ಕಲ್ಲಾಗಿ ನಿಂತಿದ್ದರು. ಎಲ್ಲರ ಕಣ್ಣೂ ತೆರೆದೇ ಇತ್ತು.

"ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡು," ಎಂದಿತು ಹಾವು. "ರೆಪ್ಪೆ ಬಡಿದವನು ಸೋತ."

ಜಂಪಣ್ಣ ನೋಡಿದ. ರೆಪ್ಪೆ ಬಡಿದ. "ಸೋತೆ," ಎಂದ.

ಹಾವಿಗೆ ಗೊತ್ತಾಗಲಿಲ್ಲ. "ಏನಂದೆ?"

"ಸೋತೆ ಅಂದೆ. ದಾರಿ ಬಿಡು."

"ನಾಚಿಕೆ ಇಲ್ಲವಾ ನಿನಗೆ? ಇವರೆಲ್ಲ ನೋಡು, ಮೂರು ದಿನ ನಿಂತರು."

"ನಿಂತು ಕಲ್ಲಾದರು. ನಾನು ಉಣ್ಣೆ ದೂಳಲ್ಲಿ ಕೆಲಸ ಮಾಡೋನು. ರೆಪ್ಪೆ ಬಡೀದಿದ್ದರೆ ನನ್ನ ಕಣ್ಣು ಯಾವತ್ತೋ ಒಣಗಿ ಹೋಗ್ತಿತ್ತು."

ಹಾವು ತಲೆ ತಗ್ಗಿಸಿತು. ಆಮೇಲೆ ಸಣ್ಣ ದನಿಯಲ್ಲಿ, "ನನಗೆ ರೆಪ್ಪೆಯೇ ಇಲ್ಲ," ಎಂದಿತು. "ನೂರು ವರ್ಷವಾಯಿತು ನಿದ್ದೆ ಮಾಡಿ. ನೀಲಾಂಗ ಬೆಳಕು ಆರಿಸುವುದೇ ಇಲ್ಲ."

ಜಂಪಣ್ಣ ಹೆಗಲ ಮೇಲಿನ ಕಂಬಳಿ ತೆಗೆದು ಅದರ ತಲೆಗೆ ಹೊದಿಸಿದ. ದಪ್ಪ ಕಂಬಳಿ. ಬೆಳಕು ನುಸುಳಲಿಲ್ಲ. ಹಾವು ಒಂದು ನಿಟ್ಟುಸಿರು ಬಿಟ್ಟು ಅಲ್ಲೇ ನಿದ್ದೆ ಹೋಯಿತು. ಅವನು ಅದರ ಬೆನ್ನು ಹತ್ತಿ ದಾಟಿದ. ಕಲ್ಲಾದವರು ಒಬ್ಬೊಬ್ಬರೇ ರೆಪ್ಪೆ ಬಡಿದರು. ಕತ್ತಿ ಕೆಳಗಿಟ್ಟು ಕಣ್ಣುಜ್ಜಿಕೊಂಡು ಮನೆಯ ದಾರಿ ಹಿಡಿದರು.

ಎಂಟನೆಯ ದಿನ ಗುಡ್ಡದ ತುದಿ ಸಿಕ್ಕಿತು. ಅಲ್ಲಿ ಒಂದು ಹಜಾರ. ಒಂದು ಗೋಡೆಯ ತುಂಬ ದೊಡ್ಡ ಹಲಗೆ. ಎದುರು ಗೋಡೆಯಲ್ಲಿ ಒಂದು ಕಿಟಕಿ. ನೀಲಾಂಗ ಹಲಗೆಯ ಪಕ್ಕದಲ್ಲಿ ಕೂತಿದ್ದ.

"ಬಾ ನೇಕಾರ. ಜಗಳ ಬೇಡ. ನಿನಗೆ ಏನು ಬೇಕೋ ಅದನ್ನೇ ತೋರಿಸ್ತೀನಿ," ಎಂದ.

ಹಲಗೆ ಬೆಳಗಿತು. ಅದರಲ್ಲಿ ನಿಂಗಮ್ಮ ಇದ್ದಳು. ಮದುವೆಯಾದ ವರ್ಷದ ನಿಂಗಮ್ಮ. ಕಣ್ಣು ತಿಳಿಯಾಗಿತ್ತು. ಅವನನ್ನೇ ನೋಡುತ್ತಿದ್ದಳು.

"ಬಂದೆಯಾ? ನಿನಗಾಗಿಯೇ ಕಾಯುತ್ತಿದ್ದೆ," ಎಂದಳು. "ನಿನ್ನಂಥ ನೇಕಾರ ಹದಿನಾರು ದೇಶದಲ್ಲಿಲ್ಲ."

ಜಂಪಣ್ಣ ನೋಡಿದ. ಬಲಗೈ ಆಡಿತು. ಇಪ್ಪತ್ತಾಯಿತು. ಕತ್ತು ಏಳಲು ಹೋಯಿತು. ಅವನೇ ತಡೆದ. ನಲವತ್ತಾಯಿತು. ತಡೆದ. ಕಣ್ಣು ಒಣಗಿತು. ಅವಳು ಮಾತಾಡುತ್ತಲೇ ಇದ್ದಳು. ಒಂಬತ್ತನೆಯ ದಿನದ ಸೂರ್ಯ ಹುಟ್ಟಿದ. ಅದೂ ಅವನಿಗೆ ತಿಳಿಯಲಿಲ್ಲ. ಮಂಜು ಮುಸುಕತೊಡಗಿತು. ಆದರೂ ನೋಡಿದ.

"ನಿನ್ನ ಮಾತು ಎಷ್ಟು ಚೆಂದ," ಎಂದಳು ಹಲಗೆಯವಳು. "ನಿನ್ನ ನಡೆ ಎಷ್ಟು ಚೆಂದ."

ಅವನು ಒಂದು ಮಾತೂ ಆಡಿರಲಿಲ್ಲ.

ನಿಂಗಮ್ಮ ಯಾವತ್ತೂ ಅವನನ್ನು ಹೊಗಳಿದವಳಲ್ಲ. ದೂರದಿಂದ ಬಂದವನಿಗೆ ಮೊದಲು ನೀರು ಕೊಡುತ್ತಿದ್ದಳು. ಆಮೇಲೆ ಉಂಡೆಯಾ ಎನ್ನುತ್ತಿದ್ದಳು. ಆಮೇಲೆ ಬೈಯುತ್ತಿದ್ದಳು. ಇವಳು ಏನನ್ನೂ ಕೇಳಲಿಲ್ಲ.

"ನೀನು ಅವಳಲ್ಲ," ಎಂದ ಜಂಪಣ್ಣ.

"ನಾನು ಇನ್ನೂ ಮಾತಾಡುತ್ತಿದ್ದೇನೆ!"

ಹುಟ್ಟಿದಾಗಿನಿಂದ ಯಾರಿಗೂ ಮಾಡದ ಕೆಲಸ. ಅದೂ ಆ ಮುಖಕ್ಕೆ. ಅವನು ಬೆನ್ನು ತಿರುಗಿಸಿದ. ಕಿಟಕಿಯ ಆಚೆ ನೋಡಿದ. ಹೊಲ, ಕೆರೆ, ಒಂದು ಕುರಿ ಮಂದೆ. ಬಹಳ ದೂರ. ಕಣ್ಣಲ್ಲಿ ನೀರು ಬಂತು. ಒರೆಸಲಿಲ್ಲ.

ಹಿಂದೆ ಹಲಗೆ ಕೂಗಿತು. ಅತ್ತಿತು. ಬೈಯಿತು.

"ತಿರುಗೋ! ಒಂದೇ ಸಲ ತಿರುಗು!" ಎಂದು ನೀಲಾಂಗ ಕಿರುಚಿದ. ಊರಲ್ಲಿ ನೋಡುವ ಕಣ್ಣು ಉಳಿದಿರಲಿಲ್ಲ, ಇವನೂ ನೋಡದೆ ಹೋದರೆ ಅವನಿಗೆ ಬದುಕಿಲ್ಲ. ಅವನ ದನಿ ಸಣ್ಣಗಾಯಿತು. ಮೈಯೂ ಸಣ್ಣಗಾಯಿತು. ಕೊನೆಗೆ ಒಂದು ಹಿಡಿ ನೀಲಿ ಪುಡಿ ಉಳಿಯಿತು. ಗಾಳಿ ಬಂತು, ಹೋಯಿತು.

ದೊಡ್ಡ ಹಲಗೆ ಆರಿತು. ಒಳಗಿದ್ದ ಕಣ್ಣಿನ ಬೆಳಕೆಲ್ಲ ಹೊಂಬಣ್ಣದ ಕಿಡಿಗಳಾಗಿ ಕಿಟಕಿಯಿಂದ ಹಾರಿದವು. ನಿದ್ದೆಯೂ ಅವುಗಳ ಹಿಂದೆ ಹೊರಟಿತು. ಮಧ್ಯಾಹ್ನದೊಳಗೆ ಊರೂರು ತಲುಪಿದವು. ಅರಸ ಕಂಬವನ್ನು ಬಿಟ್ಟು ಮಂತ್ರಿಯನ್ನು ಬೈದ. ಮಂತ್ರಿಗೆ ಸಂತೋಷವಾಯಿತು.

ಮನೆಮನೆಯ ಸಣ್ಣ ಹಲಗೆಗಳು ಮಾತ್ರ ಆರಲಿಲ್ಲ. ಆಮೇಲೆ ಅರಸ ಡಂಗುರ ಸಾರಿಸಿದ. ಹಲಗೆ ಮನೆಯಲ್ಲಿರಲಿ, ಪಾಪ, ಸಾರು ಮಾಡುವುದು ಚೆನ್ನಾಗಿ ಹೇಳಿಕೊಡುತ್ತೆ. ಆದರೆ ಒಂದು ಮೊಳ ದೂರ ಹಿಡಿಯಿರಿ. ಆಗಾಗ ತಲೆ ಎತ್ತಿ ದೂರ ನೋಡಿ. ರೆಪ್ಪೆ ಬಡಿಯಿರಿ. ದೀಪ ಹಚ್ಚುವ ಹೊತ್ತಿಗೆ ಅರಿಸಿನ ಬಣ್ಣದ ಬಟ್ಟೆ ಮುಚ್ಚಿ. ಮಲಗುವ ಕೋಣೆಗೆ ತರಬೇಡಿ. ಹಲಗೆಗೆ ಬೆನ್ನು ತಿರುಗಿಸಿದರೆ ತಪ್ಪಿಲ್ಲ, ಅದು ಮನುಷ್ಯನಲ್ಲ.

ಜಂಪಣ್ಣ ನಡೆದುಕೊಂಡೇ ಮನೆಗೆ ಬಂದ. ಗುಡ್ಡ ಇಳಿದ ಮೇಲೆ ಮತ್ತೆ ಮೂರು ದಿನ. ನಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಗಡ್ಡ ನೋಡು, ಕರಡಿ ಹಾಗೆ," ಎಂದಳು. "ಇಷ್ಟು ಮುದುಕ ಯಾವಾಗ ಆದೆ?"

"ಈಗ ಕಾಣ್ತೀನಾ?"

"ಕಾಣ್ತೀಯ. ಕಾಣದಿದ್ದಾಗಲೇ ಚೆನ್ನಾಗಿದ್ದೆ." ನೀರು ಕೊಟ್ಟಳು. "ಉಂಡೆಯಾ?"

ಉಂಡು ಜಗಲಿಯಲ್ಲಿ ಕೂತರು. ಅವನು ಹೋಗಿ ಬಂದದ್ದನ್ನೆಲ್ಲ ಹೇಳತೊಡಗಿದ. ಅಷ್ಟು ಮಾತು ಅವನು ಜನ್ಮದಲ್ಲಿ ಆಡಿರಲಿಲ್ಲ. ಹಾವಿನ ವಿಷಯಕ್ಕೆ ಬರುವಷ್ಟರಲ್ಲಿ ನಿಂಗಮ್ಮ ಆಕಳಿಸಿದಳು. ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು.

ಅವನು ಎಬ್ಬಿಸಲಿಲ್ಲ. ಅವಳ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಅದನ್ನೇ ಕೇಳುತ್ತ ಕೂತ.

ಹೊಂಬೆಟ್ಟದವರೆಲ್ಲ ಕಣ್ತುಂಬ ನಿದ್ದೆ ಮಾಡಿದರು, ಸುಖವಾಗಿದ್ದರು. ಇವರಿಬ್ಬರೂ ಬಹಳ ವರ್ಷ ಇದ್ದರು. ಒಬ್ಬರಿಗೊಬ್ಬರು ಇದ್ದರು.